ಸರಾಸರಿಗೂ ಅದೇ ಹೆಸರು

ಮಹಾಪೆಯ ನಮ್ಮ ಆಫೀಸಿನಲ್ಲಿ ಒಂದು ಭಾಷೆ ಕಟ್ಟುತ್ತಿದ್ದೇವೆ. ಮನುಷ್ಯರು ಆಡುವುದಲ್ಲ. ಗೋದಾಮು, ಕೋಲ್ಡ್ ರೂಮುಗಳಲ್ಲಿ ಕೂರಿಸಿದ ಸೆನ್ಸರ್‌ಗಳು ಗಳಿಗೆಗೊಮ್ಮೆ ಕಳಿಸುವ ಉಷ್ಣತೆಯನ್ನು ಕಂಪ್ಯೂಟರಿನಿಂದ ಕೇಳಿ ತಿಳಿಯುವ ಭಾಷೆ; ಹಾಗೆ ಕೇಳುವ ಪ್ರಶ್ನೆಗೆ ನಮ್ಮಲ್ಲಿ ಕ್ವೆರಿ ಎನ್ನುತ್ತೇವೆ. ಅದರಲ್ಲಿ ತಲೆ ತಿನ್ನುವುದು ಲೆಕ್ಕವಲ್ಲ, ಹೆಸರಿಡುವುದು. ಮಗುವಿಗೆ ಹೆಸರಿಡಲು ಇಷ್ಟು ಮೀಟಿಂಗ್ ಆಗಿದ್ದರೆ ಅದು ಶಾಲೆಗೆ ಸೇರುವಾಗಲೂ ಪಾಪುವೇ ಆಗಿರುತ್ತಿತ್ತು.

ನನ್ನ ಹಠ ಒಂದೇ. ತುರ್ಭೆ ಎಂಬಲ್ಲಿನ ಸೆನ್ಸರ್ ಕಳಿಸಿದ ಅಂಕಿಗೆ "ತುರ್ಭೆ.ಉಷ್ಣತೆ" ಎಂದು ಹೆಸರಿದ್ದರೆ, ಅದರ ಸರಾಸರಿ ತೆಗೆದಾಗ ಬರುವ ಉತ್ತರದ ಹೆಸರಿನಲ್ಲೂ ಸರಾಸರಿ ಎಂದಿರಬೇಕು. ಬೆಂಗಳೂರಿನಿಂದ ಬಂದ ಟೀಮ್ ಲೀಡ್ ಒಪ್ಪಲಿಲ್ಲ.

"ಹೆಸರು ಚಿಕ್ಕದಾಗಿದ್ರೆ ಟೈಪ್ ಮಾಡೋಕೆ ಈಸಿ ಕಣ್ರೀ. ಕ್ವೆರಿ ಬರೆದೋರಿಗೆ ಗೊತ್ತಿರತ್ತಲ್ಲ, ಅದು ಸರಾಸರಿ ಅಂತ."

"ನೋಡೋರಿಗೆ?" ಎಂದೆ.

"ಅದನ್ನ ನೆಕ್ಸ್ಟ್ ವರ್ಷನ್‌ನಲ್ಲಿ ನೋಡೋಣ."

ನೋಡುವವಳು ನನ್ನ ಅಕ್ಕ. ಅವಳ ಮನೆ ದಿವಾದಲ್ಲಿ, ದೋಸೆ ಹಿಟ್ಟು ರುಬ್ಬಿಸಿ ಹೋಟೆಲುಗಳಿಗೆ ಕಳಿಸುವ ಶೆಡ್ಡಿನಂಥ ಪುಟ್ಟ ಗಾಲಾ ತುರ್ಭೆಯಲ್ಲಿ. ಹಿಟ್ಟು ಹುಳಿ ಬಂತೋ ಎಂದು ನೋಡಲು ದಿನಾ ಬೆಳಿಗ್ಗೆ ಮೊಣಕಾಲು ನೋವು ಹೊತ್ತು ನೂಕುನುಗ್ಗಲಿನ ಲೋಕಲ್ ರೈಲು ಹತ್ತಿ, ಠಾಣೆ ಸ್ಟೇಷನ್ನಿನಲ್ಲಿ ಇಳಿದು, ಸೇತುವೆ ಏರಿ ಇನ್ನೊಂದು ಗಾಡಿ ಹಿಡಿಯುತ್ತಿದ್ದಳು. ಅದೊಂದು ತಪ್ಪಲಿ ಎಂದೇ ಅವಳ ಕೋಲ್ಡ್ ರೂಮಿಗೆ ನಮ್ಮ ಸೆನ್ಸರ್ ಹಾಕಿಸಿ, ಇನ್ನು ಮನೆಯಲ್ಲೇ ಕೂತು ಫೋನ್ ನೋಡು ಎಂದಿದ್ದೆ.

ಒಂದು ಬೆಳಿಗ್ಗೆ ಫೋನಿನಲ್ಲಿ "ತುರ್ಭೆ.ಉಷ್ಣತೆ" ತಣ್ಣಗಿತ್ತು. ಅಕ್ಕ ನಂಬಿ ಮನೆಯಲ್ಲೇ ಉಳಿದಳು. ಹಿಂದಿನ ದಿನವಷ್ಟೇ ನಮ್ಮಲ್ಲಿ ಯಾರೋ ಆ ಪರದೆಯ ಕ್ವೆರಿ ಬದಲಿಸಿದ್ದರು. ಅವಳು ನೋಡಿದ್ದು ಕಳೆದ ಇಪ್ಪತ್ತನಾಲ್ಕು ಗಂಟೆಯ ಸರಾಸರಿ, ಹೆಸರು ಮಾತ್ರ ಹಳೆಯದೇ. ಕೋಲ್ಡ್ ರೂಮಿನ ಕಂಪ್ರೆಸರ್ ಬೆಳಗಿನ ಜಾವವೇ ಕೆಟ್ಟು ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಡಬ್ಬಿಗಳ ಮುಚ್ಚಳ ಎತ್ತಿ ನೆಲಕ್ಕೆ ಹರಿದಿತ್ತು. ಹೋಟೆಲಿನವರು ಬೇರೆ ಕಡೆಯಿಂದ ತರಿಸಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಮೀಟಿಂಗಿನಲ್ಲಿ ಲೀಡ್ ಅವರನ್ನು ಕೇಳಿಯೇ ಬಿಟ್ಟೆ: "ಸ್ಟೇಷನ್ ಇಂಡಿಕೇಟರ್‌ನಲ್ಲಿ ಬರೀ ಕಲ್ಯಾಣ್ ಗಾಡಿ ಅಂತ ಹಾಕಿ, ಫಾಸ್ಟೋ ಸ್ಲೋವೋ ಹೇಳದಿದ್ರೆ ದಿವಾದವರ ಗತಿ ಏನು ಸರ್? ಗಾಡಿ ಓಡಿಸೋ ಮೋಟರ್‌ಮನ್‌ಗೆ ಗೊತ್ತಿದ್ರೆ ಸಾಕಾ?"

ಡೊಂಬಿವಲಿಯಿಂದ ಬರುವ ಟೆಸ್ಟರ್ ಹುಡುಗಿ "ಬರೋಬರ್!" ಎಂದು ಮೇಜು ಕುಟ್ಟಿದಳು. ಎಷ್ಟೋ ಫಾಸ್ಟ್ ಗಾಡಿಗಳು ದಿವಾದಲ್ಲಿ ನಿಲ್ಲುವುದೇ ಇಲ್ಲ ಎಂಬುದನ್ನು, ಕ್ಯಾಬ್ ಹಿಡಿದೇ ಓಡಾಡುವ ಲೀಡ್‌ಗೆ ಬಿಡಿಸಿ ಹೇಳಬೇಕಾಯಿತು. ಕರ್ಮ!

ಕೊನೆಗೂ ನಿಯಮ ಬಂತು. ಈಗ ಅಕ್ಕನ ಫೋನಿನಲ್ಲಿ ಎರಡು ಸಾಲು: "ತುರ್ಭೆ.ಉಷ್ಣತೆ.ಈಗ", "ತುರ್ಭೆ.ಉಷ್ಣತೆ.ದಿನದ_ಸರಾಸರಿ". ಗೆದ್ದ ಹುಮ್ಮಸ್ಸಿನಲ್ಲಿ ದಿವಾಕ್ಕೆ ಹೋಗಿ ತೋರಿಸಿದೆ. ಅವಳು ಕನ್ನಡಕ ಏರಿಸಿ ಎರಡನ್ನೂ ನಿಧಾನವಾಗಿ ಓದಿದಳು.

"ಚಂದ ಉಂಟು ಮಾರಾಯ್ತಿ. ಈಗ ಯಾರಿಗಾದ್ರೂ ಅರ್ಥ ಆಗ್ತದೆ."

ಹಾಗೆಂದವಳು ಮರುದಿನದ ಚೀಲಕ್ಕೆ ಮೊಣಕಾಲಿನ ಪಟ್ಟಿ, ನೀರಿನ ಬಾಟಲಿ ತುಂಬತೊಡಗಿದಳು. ನನಗೆ ರೇಗಿತು. "ಮತ್ತೆ ಹೊರಟಿಯಾ? ಹಾಗಾದ್ರೆ ನಾನು ಇಷ್ಟು ಜಗಳ ಆಡಿದ್ದು ಎಂತಕ್ಕೆ?"

"ಬೇಜಾರು ಮಾಡ್ಬೇಡ," ಎಂದು ಅಕ್ಕ ಫೋನನ್ನೂ ಚೀಲಕ್ಕೆ ಹಾಕಿದಳು. "ಹಿಟ್ಟನ್ನು ಕಣ್ಣಾರೆಯೇ ನೋಡ್ಬೇಕು. ಇದನ್ನು ರೈಲಲ್ಲಿ ನೋಡ್ತೇನೆ."