ಚೀಟಿ ಮೇಡಂ ಇಟ್ಟ ಗುರುತು

ಸರ್ವರ್ ಮಲಗಬಹುದಿತ್ತು. ಸೋಂಪುರದ ದಾರಿಯಲ್ಲಿ ಜೆಸಿಬಿ ಬಂದು ಇಂಟರ್ನೆಟ್ ತಂತಿ ಕಿತ್ತು ಹಾಕಬಹುದಿತ್ತು. ರಾಮಯ್ಯನ ಸಕ್ಕರೆ ಕಾಯಿಲೆ ರಾಮಕ್ಕನ ಹೆಸರಿಗೆ ಹೋಗಿ ಕೂರಬಹುದಿತ್ತು. ಹಳೇ ಕಂಪ್ಯೂಟರು ನಾನು ಮುಟ್ಟಿದ ಗಳಿಗೆಯಲ್ಲೇ ಪ್ರಾಣ ಬಿಡಬಹುದಿತ್ತು. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹಾಳೆ ಕಳೆದರೆ ಎಂದು ಅದರ ಜೆರಾಕ್ಸನ್ನೂ ಇಟ್ಟುಕೊಂಡು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ನನಗೆ ಮೊದಲು ಕಂಡದ್ದು ಗಾಜಿನ ಆಚೆಗಿನ ಒಂದು ಸೊಟ್ಟ ತೋರುಬೆರಳು. ತ್ಯಾಮಗೊಂಡ್ಲು ಕಡೆಯ ಆ ಧರ್ಮಾಸ್ಪತ್ರೆಗೆ ಬಂದವರ ಹೆಸರುಗಳನ್ನೆಲ್ಲ ಇಪ್ಪತ್ತೆಂಟು ವರ್ಷದಿಂದ ಅದೊಂದೇ ಬೆರಳು ಕುಟ್ಟಿತ್ತು. ಬೆರಳಿನ ಒಡತಿಯನ್ನು ಎಲ್ಲರೂ ಚೀಟಿ ಮೇಡಂ ಎನ್ನುತ್ತಿದ್ದರು.

ಆಸ್ಪತ್ರೆಯವರು ಸೋಂಪುರದಲ್ಲೊಂದು ಶಾಖೆ ತೆರೆದಿದ್ದರು. ಮೇಡಂ ಕಂಪ್ಯೂಟರಿನಲ್ಲಿದ್ದ, ರೋಗಿಗಳ ಪಟ್ಟಿಯ ಹಳೇ ಫಾಕ್ಸ್‌ಪ್ರೊ ಪ್ರೋಗ್ರಾಮನ್ನು ಎರಡೂ ಕಡೆ ಕಾಣುವಂತೆ ವೆಬ್‌ಗೆ ತರುವುದು ನನ್ನ ಕೆಲಸ. ಹೇಗೋ ತಂದೂಬಿಟ್ಟೆ. ಸೋಂಪುರದಲ್ಲಿ ಒಂದು ಹೆಸರು ಹುಡುಕಿದರೆ ಅದು ಬರುವಷ್ಟರಲ್ಲಿ ರೋಗಿ ಹೋಗಿ ಟೀ ಕುಡಿದು ಬರುತ್ತಿದ್ದ. ಒಬ್ಬರನ್ನು ಕೇಳಿದರೂ ಇಡೀ ಪಟ್ಟಿಯನ್ನೇ ಎಳೆದು ತರುವುದು ಹಳೇ ಪ್ರೋಗ್ರಾಮಿನ ಅಭ್ಯಾಸ. ಒಂದೇ ಕೋಣೆಯೊಳಗೆ ಅದರ ಭಾರ ಗೊತ್ತಾಗಿರಲಿಲ್ಲ. ದೊಡ್ಡ ಸರ್ವರ್ ಬೇಕೆಂದು ಗೊಣಗಿದೆ.

“ಪಂಕ್ತೀಲಿ ಕೂತೋರ ಎಲೆಗೆ ಸಾರಿನ ಕೊಳಗಾನೇ ಬಗ್ಗಿಸ್ತಾರೇನಪ್ಪಾ?” ಎಂದರು ಮೇಡಂ. “ಸೌಟಲ್ಲಿ ಬಡ್ಸು. ಬೇಕಾದ್ರೆ ಇನ್ನೊಂದ್ ಸಲ ಕೇಳ್ತಾರೆ.”

ಒಂದು ಸಲಕ್ಕೆ ಇಪ್ಪತ್ತೇ ಹೆಸರು ಬರುವಂತೆ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಇವತ್ತಿಗೂ ನಾನು ಉಣ್ಣುತ್ತಿರುವುದು ಆ ಸೌಟಿನಿಂದಲೇ. ಬೇರೆ ಗಿರಾಕಿಗಳ ಮುಂದೆ ಮಾತ್ರ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳುತ್ತೇನೆ.

ಮೇಡಂ ಅವರದ್ದೊಂದು ವಿಚಿತ್ರ ಅಭ್ಯಾಸವಿತ್ತು. ಕೆಲವರಿಗೆ ಔಷಧಿ ಚೀಟಿ ಕೊಡುವ ಮುನ್ನ, “ತಡೀರಿ, ಸರಿಯಾಗ್ ಅಚ್ಚಾಗೈತಾ ನೋಡ್ತೀನಿ, ನನ್ ಕನ್ನಡಕ ಸರಿಯಿಲ್ಲ” ಎಂದು ಜೋರಾಗಿ ಓದುತ್ತಿದ್ದರು.

“ಪ್ರಿಂಟರ್ ತಪ್ಪು ಬರಿಯಲ್ಲ ಮೇಡಂ” ಎಂದರೆ, “ಅದನ್ನ ನಂಬ್ತೀನಿ, ನಿನ್ನ ನಂಬಲ್ಲ ಕಣಪ್ಪಾ” ಎನ್ನುತ್ತಿದ್ದರು.

ಹೆಸರುಗಳನ್ನು ಹಳೇ ಪ್ರೋಗ್ರಾಮಿನಿಂದ ಹೊಸದಕ್ಕೆ ಪೂರ್ತಿ ಸಾಗಿಸುವ ವಾರ ಮೇಡಂ ಹೊಟ್ಟೆಯ ಆಪರೇಷನ್ನಿಗೆ ರಜೆ ಹಾಕಿದರು. ಎಷ್ಟೋ ಹೆಸರುಗಳ ಕೊನೆಗೆ ಒಂದೊಂದು ಚುಕ್ಕೆ ಇತ್ತು. ಸೊಟ್ಟ ಬೆರಳು ಜಾರಿರಬೇಕೆಂದುಕೊಂಡು ಅಷ್ಟನ್ನೂ ಒಂದೇ ಏಟಿಗೆ ಗುಡಿಸಿ ಹಾಕಿದೆ. ಜೆಸಿಬಿಗೆಲ್ಲ ಹೆದರಿದವನು ಒಂದು ಫೋನ್ ಮಾಡಿ ಕೇಳಲಿಲ್ಲ.

ಮೂರನೇ ವಾರ ಸಾಸಲು ಕಡೆಯ ಹಿರಿಯರೊಬ್ಬರು ಬಾಯೆಲ್ಲ ಹುಣ್ಣಾಗಿ ಬಂದರು. ಕೀಲುನೋವಿಗೆಂದು ಹೊಸದಾಗಿ ಕೊಟ್ಟಿದ್ದ, ವಾರಕ್ಕೊಂದು ನುಂಗಬೇಕಾದ ಮಾತ್ರೆಯನ್ನು ದಿನಕ್ಕೊಂದು ನುಂಗಿದ್ದರು. ಚೀಟಿಯಲ್ಲಿ ‘ವಾರಕ್ಕೆ ಒಂದು’ ಎಂದೇ ಅಚ್ಚಾಗಿತ್ತು. ಅದನ್ನವರು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಹದಿನೈದು ದಿನ ವಾರ್ಡಿನಲ್ಲಿ ಮಲಗಿ, ಹೇಗೋ ಉಳಿದರು.

ಮೇಡಂ ಮನೆಗೆ ಹೋಗಿ ಹೇಳಿದೆ. ದಿಂಬಿಗೊರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು.

“ಅವರ್ ಹೆಸರಿಗೆ ಚುಕ್ಕೆ ಇತ್ತಲ್ಲಪ್ಪಾ?”

“ತೆಗ್ದುಬಿಟ್ಟೆ ಮೇಡಂ.”

“ಚುಕ್ಕೆ ಇರೋರಿಗೆ ಓದಕ್ಕೆ ಬರಲ್ಲ ಕಣಪ್ಪಾ. ಚೀಟಿ ಓದಿ ಹೇಳ್ಬೇಕು, ಅದಕ್ಕೇ ಆ ಕನ್ನಡಕದ ನಾಟಕ. ಚುಕ್ಕೆ ಕಂಡ್ರೆ ಓದಮ್ಮಾ ಅಂತ ನನ್ ಜಾಗಕ್ಕೆ ಬಂದೋಳಿಗೂ ಹೇಳಿ ಬಂದಿದ್ದೆ.”

“ಓದಕ್ಕೆ ಬರಲ್ಲ ಅಂತ ಹೆಂಗ್ ಗೊತ್ತಾಗುತ್ತೆ? ಕೇಳ್ತಿದ್ರಾ?”

“ಎಲ್ಲಾರ್ ಮುಂದೆ ಕೇಳಿ ಮಾನ ಕಳೀಲಾ? ಚೀಟಿ ಕೊಟ್ಟಾಗ ಕಣ್ ನೋಡು. ಓದೋರ ಕಣ್ಣು ಚೀಟಿಗೆ ಹೋಗುತ್ತೆ. ಮಿಕ್ಕೋರ ಕಣ್ಣು ನನ್ ಮುಖಕ್ಕೆ ಬರುತ್ತೆ.”

ಬೈಯಲಿಲ್ಲ. ಬೈದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆ.

ಹಳೇ ಪ್ರತಿಯೊಂದನ್ನು ಉಳಿಸಿಕೊಂಡಿದ್ದೆ. ಅದರಿಂದ ಚುಕ್ಕೆಗಳನ್ನೆಲ್ಲ ವಾಪಸು ತಂದು ಕೂರಿಸಿದೆ. ಮೇಡಂ ವಾಪಸು ಬರಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡರು. ಆಮೇಲೆ ಬಂದ ಹೊಸ ರೋಗಿಗಳಿಗೆ ಚುಕ್ಕೆ ಇಡುವವರಿಲ್ಲ. ಮೇಡಂ ಜಾಗಕ್ಕೆ ಬಂದಾಕೆಗೆ ಕಣ್ಣು ನೋಡುತ್ತಾ ಕೂರುವ ಪುರಸೊತ್ತಿಲ್ಲ, ಸಾಲು ಬಾಗಿಲಾಚೆಗೆ ಬೆಳೆದಿರುತ್ತದೆ. ಹಾಗಾಗಿ ತೆರೆಯ ಮೇಲೆ ಒಂದು ಪ್ರಶ್ನೆ ಸೇರಿಸಿದೆ: ‘ಓದಲು ಬರುತ್ತದೆಯೇ?’ ಆಕೆ ಅದನ್ನು ಗಾಜಿನ ಕಿಂಡಿಯಿಂದ ಗಟ್ಟಿಯಾಗಿ ಕೇಳುತ್ತಾಳೆ.

ವಾರಕ್ಕೊಮ್ಮೆ ನಾನು ಉತ್ತರಗಳನ್ನು ತೆಗೆದು ನೋಡುತ್ತೇನೆ. ಇಲ್ಲಿಯವರೆಗೆ ‘ಇಲ್ಲ’ ಎಂದವರು ಒಬ್ಬರೂ ಇಲ್ಲ.