ನೀವು ನಂಬಿದ ಮೂಗು

ಅಮ್ಮ, ನಿಮ್ಮ ಎಡಗಾಲು ಹೋದದ್ದು ಬರೀ ಸಕ್ಕರೆ ಕಾಯಿಲೆಯಿಂದಲ್ಲ — ಈ ಸೊಸೆಯ ಸುಳ್ಳಿನಿಂದ. ನನ್ನ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಆಗಲೂ ತಿಳಿಯುತ್ತಿರಲಿಲ್ಲ.

ವರ್ಷಗಟ್ಟಲೆ ಕಾಡಿದ ಸೈನಸ್ಸು ಆ ಶಕ್ತಿಯನ್ನು ಮೆಲ್ಲಗೆ ಕಿತ್ತುಕೊಂಡಿತು. ಮೊದಲು ಮಲ್ಲಿಗೆ, ಆಮೇಲೆ ಕಾಫಿ ಡಿಕಾಕ್ಷನ್ನು, ಕೊನೆಗೆ ಸೀದ ಹಾಲು ಕೂಡ. ಚಾಮರಾಜಪುರಂನ ಡಾಕ್ಟರು ಮೂಗಿನೊಳಗೆ ಗಂಟು ಬೆಳೆದಿದೆ, ಆಪರೇಷನ್ ಮಾಡಿಸಿ ಎಂದರು. ಮನೆಯಲ್ಲಿ ಮಾತ್ರ ತಲೆನೋವಿಗೆ ಮಾತ್ರೆ ಕೊಟ್ಟರೆಂದೆ.

ಏಕೆಂದರೆ — ಈ ಮನೆಯಲ್ಲಿ ನೀವು ನನಗೆ ಕೊಟ್ಟಿದ್ದ ಹೆಸರೇ ಆ ಮೂಗಿನದು. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಕುದಿಯುವ ಸಾರಿನ ಮೇಲೆ ಬಗ್ಗಿ, ಉಪ್ಪು ಹುಳಿ ಸರಿಯಿದೆಯೇ ಎಂದು ಹೇಳುತ್ತಿದ್ದವಳು ನಾನು. "ಕಾನ್ವೆಂಟಲ್ಲಿ ಓದಿದೋಳಿಗೆ ಮಡಿಗಿಡಿ ಏನು ಗೊತ್ತು ಅಂತಿದ್ರಲ್ಲ, ನೋಡ್ರೀ, ಮೂಗಲ್ಲೇ ಉಪ್ಪು ನೋಡ್ತಾಳೆ!" ಎಂದು ಬಂದವರೆದುರು ನಗುತ್ತಿದ್ದಿರಿ. ಆ ಹೆಸರು ಬಿಟ್ಟುಕೊಡಲಾಗಲಿಲ್ಲ. ಚಮಚದ ಅಳತೆಯಲ್ಲಿ ಉಪ್ಪು ಹಾಕಿ, ಸುಮ್ಮನೆ ಬಗ್ಗಿ ಉಸಿರೆಳೆಯುತ್ತಿದ್ದೆ.

ನಿಮ್ಮ ಹಿಮ್ಮಡಿಯಲ್ಲಿ ಗಾಯವಾದಾಗ ಅದನ್ನು ಬಿಚ್ಚಿ ಕಟ್ಟುವ ಕೆಲಸ ನನ್ನದಾಯಿತು. ವಾಸನೆ ಬಂದರೆ ತಡಮಾಡದೆ ಕರೆತನ್ನಿ ಎಂದು ಆಸ್ಪತ್ರೆಯಲ್ಲಿ ನನಗೇ ಹೇಳಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು —

ಒಂದು ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚುತ್ತಿದ್ದಾಗ ನೀವು ಸೆರಗನ್ನು ಮೂಗಿಗೆ ಹಿಡಿದಿರಿ. "ಏನೋ ವಾಸ್ನೆ ಕಣೆ... ನಿಂಗೆ ಬರ್ತಿದ್ಯಾ?"

ಬಗ್ಗಿದೆ. ಸಾರಿನ ಮೇಲೆ ಬಗ್ಗುವಂತೆಯೇ. ಗಾಯದ ಅಂಚು ಕೊಂಚ ಕಪ್ಪಾಗಿತ್ತು — ಔಷಧಿಯ ಬಣ್ಣವೆಂದು ನನಗೆ ನಾನೇ ಹೇಳಿಕೊಂಡೆ.

"ಇಲ್ಲಮ್ಮ, ಏನೂ ಇಲ್ಲ. ಔಷಧೀದು ಅಷ್ಟೇ."

"ನೀನೇ ಇಲ್ಲ ಅಂದ್ಮೇಲೆ ಇಲ್ಲ ಬಿಡು."

ಅದೇ ವಾರ ನಿಮಗೆ ಚಳಿಜ್ವರ. ಕೊಳೆತ ಕಾಲನ್ನು ಮಂಡಿಯ ಕೆಳಗೆ ತೆಗೆಯದೆ ಬೇರೆ ದಾರಿಯಿರಲಿಲ್ಲ. "ದಿನಾ ಬಿಚ್ಚಿ ಕಟ್ತಿದ್ಯಲ್ಲೇ, ಗೊತ್ತಾಗ್ಲಿಲ್ವಾ?" ಎಂದು ನಿಮ್ಮ ಮಗ ನನ್ನ ಮೇಲೆ ರೇಗಿದಾಗ, ಆಸ್ಪತ್ರೆಯ ಹಾಸಿಗೆಯಿಂದಲೇ ಗದರಿದಿರಿ: "ಸುಮ್ನಿರೋ. ಅವಳ ಮೂಗಿಗೇ ಬರ್ಲಿಲ್ಲ ಅಂದ್ರೆ ಇನ್ಯಾರಿಗೆ ಬರತ್ತೆ!" ನಾನು — ಕಿಟಕಿಯ ಕಡೆ ತಿರುಗಿ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತೆ.

ಈಗ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತೀರಿ. ಎಡಗಡೆಯ ನೆರಿಗೆ ಖಾಲಿಯಾಗಿ ಇಳಿಬಿದ್ದಿರುತ್ತದೆ. ಸಾರು ಕುದಿಯುವ ಸದ್ದಾದರೆ "ಉಪ್ಪು ನೋಡೇ" ಎನ್ನುತ್ತೀರಿ. ಬಗ್ಗುತ್ತೇನೆ. ಮುಖಕ್ಕೆ ಬಿಸಿ ಹಬೆ, ಮತ್ತೇನೂ ಇಲ್ಲ.

"ಸರಿಯಾಗಿದೆ ಅಮ್ಮ."

ನಿಮ್ಮ ಕಣ್ಣಿಗೆ ಈಗ ಅಕ್ಷರ ಕಾಣಿಸುವುದಿಲ್ಲ. ಅದು ಗೊತ್ತಿದ್ದೇ ಇಷ್ಟನ್ನೂ ಬರೆದೆ.