ಮಟಮಟ ಮಧ್ಯಾಹ್ನ, ದಾರಿಯಲ್ಲೊಂದು ಮೊರ

ಮುನ್ನೂರು ನಾನೂರು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ಪಂಡಿತನ ಜೀವನಚರಿತ್ರೆ ಬರೆಯುತ್ತಿದ್ದೇನೆ. ಗ್ರೀಕ್, ಲ್ಯಾಟಿನ್ ಅರೆದು ಕುಡಿದ ಪಾದ್ರಿ. ಇವತ್ತು ದೆವ್ವವಿಲ್ಲ ಎನ್ನುವವರು ನಾಳೆ ದೇವರೂ ಇಲ್ಲ ಎಂದಾರೆಂದು ಹೆದರಿ ಪುಸ್ತಕ ಬರೆದವನು. ಅವನ ಕತೆ ಹೇಳಿ ಹುಡುಗರನ್ನು ನಗಿಸೋಣವೆಂದು ಮಳವಳ್ಳಿಯಾಚೆಯ ಕಾಲೇಜಿಗೆ ಆಟೋದಲ್ಲಿ ಹೊರಟಿದ್ದೆ.

ಮೂರು ದಾರಿ ಕೂಡುವಲ್ಲಿ ಆಟೋ ಗಕ್ಕನೆ ನಿಂತಿತು. ಎದುರಿಗೆ ಹಳೇ ಮೊರ, ಅದರಲ್ಲಿ ಕುಂಕುಮ ಕಲಸಿದ ಅನ್ನ, ಕುಯ್ದ ನಿಂಬೆಹಣ್ಣು, ಒಂದು ಹಿಡಿ ಕೂದಲು. ಯಾರಿಗೋ ಹಿಡಿದ ಗಾಳಿಯನ್ನು ಇಳಿಸಿ ಅಲ್ಲಿ ಬಿಟ್ಟು ಹೋಗಿದ್ದರು.

"ದಾಟಾಕಿಲ್ಲ ಕಣಮ್ಮ," ಎಂದ ಡ್ರೈವರ್. "ಮನೇಲಿ ಅಸಿ ಬಾಣ್ತಿ ಅವ್ಳೆ. ದಾಟುದ್ರೆ ಇದು ನನ್ ಜೊತೇಲೇ ಮನೆಗೆ ಬತ್ತದೆ."

"ಪಕ್ಕದಲ್ಲಿ ಹೋಗಪ್ಪ."

"ಕೂಸ್ಗೆ ಇನ್ನೂ ಹೆಸ್ರೂ ಇಕ್ಕಿಲ್ಲ, ಬುಡಿ."

ಅವನು ಎಂಜಿನ್ ಆರಿಸಿಬಿಟ್ಟ. ಹಳೇ ಗೋರಿಗಳನ್ನು ಹುಡುಕುತ್ತ ಎಷ್ಟೋ ದೇಶಗಳ ಸ್ಮಶಾನಗಳಲ್ಲಿ ಕೂತು ಬುತ್ತಿ ಉಂಡವಳು ನಾನು, ಇಳಿದೆ. ಕಬ್ಬಿನ ಗದ್ದೆಯಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಮೊರವನ್ನೆತ್ತಿ ಬೇಲಿಯ ಬುಡಕ್ಕಿಟ್ಟೆ.

ತಿರುಗಿದರೆ ನನ್ನ ಚೀಲ ರಸ್ತೆಯ ಮೇಲಿತ್ತು. ಅವನು ಆಟೋ ತಿರುಗಿಸಿಕೊಂಡಿದ್ದ.

"ದಾರಿ ಬಿಟ್ಟಿತಲ್ಲಪ್ಪ?"

"ದಾರಿ ಬುಡ್ತು. ಈಗ ಅದು ನಿಮ್ ಜೊತೆ ಅದೆ. ಕಾಸು ಬ್ಯಾಡ ಕಣಮ್ಮ, ಅಲ್ಲೇ ನಿಂತ್ಕಳಿ."

ಮೊರವನ್ನು ನೋಡಿದ್ದ ಕಣ್ಣಲ್ಲೇ ನನ್ನನ್ನೂ ನೋಡಿ ಹೊರಟುಹೋದ.

ಉಳಿದ ದಾರಿ ನಡೆದೆ. ಹಿಂದೆ ಯಾರೋ ಬರುತ್ತಿರುವಂತೆ ಅನ್ನಿಸಿದರೂ ತಿರುಗಿ ನೋಡಲಿಲ್ಲ. ಭಾಷಣದಲ್ಲಿ ಪಂಡಿತನನ್ನು ಗೇಲಿ ಮಾಡುವ ಜಾಗ ಬಂದಾಗ ನೀರು ಕುಡಿದು, ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಕೈಯನ್ನಂತೂ ಮೊದಲೇ ಮೊಣಕೈವರೆಗೆ ಸೋಪು ಹಾಕಿ ತೊಳೆದಿದ್ದೆ. ಗಾಳಿಗೆ ಸೋಪು ಏನು ಮಾಡುತ್ತದೋ, ಪಂಡಿತ ಬರೆದಿಟ್ಟಿಲ್ಲ.